ಮೂರು ಜಾಗ, ಆರು ಹುಡುಗ್ರು: ಹಾಕಿ ಫಾರ್ವರ್ಡ್ ಲೈನ್ ಆರಿಸೋ ಲೆಕ್ಕ

ಮಳೆ ಸ್ವಲ್ಪ ಕಡಿಮೆಯಾಗಿ ದಸರಾ ಹತ್ರ ಬರ್ತಿದ್ದಂಗೆ ನಮ್ಮ ಶಿವಮೊಗ್ಗದ ಹಾಕಿ ಮಂದಿಗೆ (ಕ್ರಿಕೆಟ್‌ನೋರ ಮುಂದೆ ಬೆರಳಲ್ಲಿ ಎಣಿಸೋಷ್ಟೇ ಇದೀವಿ ಬಿಡಿ) ಒಂದೇ ಮಾತು, ಈ ಸಲ ಟೀಮಲ್ಲಿ ಯಾರ್ಯಾರು, ಫಾರ್ವರ್ಡಲ್ಲಿ ಯಾರನ್ನ ಹಾಕ್ತಾರೆ. ನೆಹರೂ ಸ್ಟೇಡಿಯಂ ಹತ್ರ ಟೀ ಕುಡೀತಾ ಶುರುವಾದ ವಾದ ಗೋಪಿ ಸರ್ಕಲ್‌ವರೆಗೂ ಜೊತೆಗೇ ನಡ್ಕೊಂಡು ಬರತ್ತೆ, ಮನೆಗೆ ಹೋದ್ಮೇಲೆ ವಾಟ್ಸಾಪಲ್ಲಿ ಮುಂದುವರಿಯತ್ತೆ, ರಾತ್ರಿ ಹನ್ನೊಂದಕ್ಕೆ ಯಾರೋ ಒಬ್ರು ಸಿಟ್ಟಾಗಿ ಗ್ರೂಪ್ ಬಿಟ್ಟು ಹೋಗ್ತಾರೆ, ಬೆಳಿಗ್ಗೆ ಅಡ್ಮಿನ್ ಮತ್ತೆ ಸೇರಿಸ್ತಾನೆ. ಈ ಜಗಳಗಳಲ್ಲಿ ಮುಕ್ಕಾಲು ಪಾಲು ಒಂದೇ ತರ: "ಅವನಂಥ ಆಟಗಾರನ್ನ ಬೆಂಚಲ್ಲಿ ಕೂರ್ಸಿದ್ರೆ ಅದೆಂತ ಟೀಮ್ ಮಾರಾಯ?" ನಂಗೆ ಅನ್ಸೋದು ಈ ಪ್ರಶ್ನೆನೇ ತಪ್ಪು ಅಂತ. ಇವತ್ತಿನ ಹಾಕಿಯಲ್ಲಿ ಯಾರು ಬೆಂಚಲ್ಲಿ ಕೂರ್ತಾರೆ ಅನ್ನೋದು ದೊಡ್ಡ ವಿಷ್ಯನೇ ಅಲ್ಲ, ಯಾರ ಜೊತೆ ಯಾರು ಒಳಗೆ ಹೋಗ್ತಾರೆ, ಯಾವಾಗ ಹೊರಗೆ ಬರ್ತಾರೆ ಅನ್ನೋದೇ ಆಟ. ಹೊಸದಾಗಿ ಹಾಕಿ ನೋಡೋಕೆ ಶುರು ಮಾಡಿರೋ ಹುಡುಗ್ರಿಗೂ, "ನಮ್ ಕಾಲದಲ್ಲಿ" ಅಂತ ಶುರು ಮಾಡೋ ಹಿರಿಯರಿಗೂ ಅರ್ಥ ಆಗೋ ಹಂಗೆ ಈ ಲೆಕ್ಕನ ಒಂದ್ಸಲ ಬಿಡಿಸಿ ಹೇಳ್ತೀನಿ.

ಮೊದ್ಲು ನಿಯಮ. ಫೀಲ್ಡಲ್ಲಿ ಕೀಪರ್ ಸೇರಿ 11 ಜನ, 15 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 60 ನಿಮಿಷ. ಬದಲಾವಣೆಗೆ ಲೆಕ್ಕ ಇಲ್ಲ, ಮಿತಿನೂ ಇಲ್ಲ. ಫುಟ್‌ಬಾಲಲ್ಲಿ ಹೊರಗೆ ಬಂದೋನು ಬಂದ ಹಾಗೇ, ಅವನ ಕತೆ ಆ ದಿನಕ್ಕೆ ಮುಗೀತು, ಆದ್ರೆ ಹಾಕಿಯಲ್ಲಿ ಹೊರಗೆ ಬಂದು ನೀರು ಕುಡ್ದು ಉಸಿರು ತಗೊಂಡು ಮತ್ತೆ ಒಳಗೆ ಹೋಗ್ಬಹುದು, ಹತ್ತು ಸಲ ಬೇಕಾದ್ರೂ. ಅಂಪೈರನ್ನ ಕೇಳ್ಬೇಕಾಗಿಲ್ಲ, ಆಟ ನಿಲ್ಲೋ ತನಕ ಕಾಯ್ಬೇಕಾಗಿಲ್ಲ. ಪೆನಾಲ್ಟಿ ಕಾರ್ನರ್ (ಗೋಲ್ ಹತ್ರ ಡಿಫೆಂಡರ್ ತಪ್ಪು ಮಾಡಿದ್ರೆ ಎದುರು ಟೀಮಿಗೆ ಸಿಗೋ ಗೋಲ್ ಅವಕಾಶ) ಕೊಟ್ಟಾಗಿಂದ ಅದು ಮುಗಿಯೋವರೆಗೆ ಮಾತ್ರ ಬದಲಾಯಿಸೋ ಹಂಗಿಲ್ಲ.

ಈಗ ಸಣ್ಣ ಗಣಿತ. ಫಾರ್ವರ್ಡಲ್ಲಿ ಮೂರು ಜಾಗ ಅಂತ ಇಟ್ಕೊಳ್ಳಿ, ಮೂರು ಜಾಗಕ್ಕೆ 60 ನಿಮಿಷದ ಹಾಗೆ 180 ನಿಮಿಷ ಆಯ್ತು. ಟೀಮಲ್ಲಿ ಐದು ಫಾರ್ವರ್ಡ್ ಇದ್ರೆ ಒಬ್ಬೊಬ್ಬನಿಗೆ ಸರಾಸರಿ 36 ನಿಮಿಷ, ಆರು ಜನ ಇದ್ರೆ 30. ಅಂದ್ರೆ ನೀವು ಯಾರನ್ನ "ಬೆಂಚಲ್ಲಿ ಕೂರ್ಸಿದ್ರು" ಅಂತ ಬೈಕೊಳ್ತೀರೋ ಆ ಹುಡುಗ ಆಟದ ಅರ್ಧ ಹೊತ್ತು ಒಳಗೇ ಇರ್ತಾನೆ, ನೀವು ಮೊದಲನೇ ಹನ್ನೊಂದರಲ್ಲಿ ಬರ್ಕೊಂಡ ಸ್ಟಾರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಆಡ್ತಾನೆ. ಶಿಳ್ಳೆ ಊದೋ ಹೊತ್ತಿಗೆ ಯಾರು ಒಳಗಿದ್ರು ಅನ್ನೋದು ಫೋಟೋಗೆ ಮಾತ್ರ. ಒಬ್ಬ ಫಾರ್ವರ್ಡ್ ಪೂರ್ತಿ ಜೋರಲ್ಲಿ ಓಡೋಕಾಗೋದು ಐದಾರು ನಿಮಿಷ, ಆಮೇಲೆ ಕಾಲು ಹೇಳಿದ ಮಾತು ಕೇಳಲ್ಲ, ಅಂಥವನ್ನ ಒಳಗೇ ಇಟ್ಕೊಂಡ್ರೆ ಅವನಿಗೂ ಕಷ್ಟ, ಟೀಮಿಗೂ ನಷ್ಟ.

ಹಿರಿಯರಿಗೆ ಇದು ಯಾಕೆ ಒಗ್ಗಲ್ಲ ಅಂದ್ರೆ ಅವರು ನೋಡಿ ಬೆಳೆದ ಆಟನೇ ಬೇರೆ. ಆಗ ಮುಂದೆ ಐದು ಜನ: ಲೆಫ್ಟ್ ಔಟ್, ಲೆಫ್ಟ್ ಇನ್, ಸೆಂಟರ್ ಫಾರ್ವರ್ಡ್, ರೈಟ್ ಇನ್, ರೈಟ್ ಔಟ್. ಹಿಂದೆ ಮೂರು ಹಾಫ್, ಅದರ ಹಿಂದೆ ಎರಡು ಬ್ಯಾಕ್, ಕೊನೆಗೆ ಕೀಪರ್. ಈ ಐದು ಜನ ಒಬ್ಬರಿಗೊಬ್ಬರು ಚಿಕ್ಕ ಚಿಕ್ಕ ಪಾಸ್ ಕೊಡ್ತಾ ಹೆಣೆದಂಗೆ ಮುಂದೆ ಹೋಗೋದೇ ಭಾರತದ ಶೈಲಿ ಅಂತ ಜಗತ್ತೇ ಕೊಂಡಾಡ್ತಿತ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಅಮೆರಿಕಾ ಮೇಲೆ 24-1 ಗೆದ್ದಿದ್ದು ಈ ಲೈನಲ್ಲೇ, ಅದರಲ್ಲಿ ಲೆಫ್ಟ್ ಇನ್ ಆಡ್ತಿದ್ದ ರೂಪ್ ಸಿಂಗ್ 10 ಗೋಲ್, ಅಣ್ಣ ಧ್ಯಾನ್ ಚಂದ್ ಸೆಂಟರ್ ಫಾರ್ವರ್ಡಲ್ಲಿ 8. ಅಣ್ಣತಮ್ಮ ಇಬ್ರೇ 18 ಹೊಡೆದ್ರೆ ಉಳಿದವರು ಏನು ಮಾಡ್ತಿದ್ರು ಅಂತ ಕೇಳ್ಬೇಡಿ, ಆ ಇಬ್ಬರಿಗೆ ಬಾಲ್ ತಂದು ಕೊಡೋದೂ ಕೆಲಸನೇ.

ಆಮೇಲೆ ಎರಡು ವಿಷ್ಯ ಬದಲಾಯ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಲ್ಲಿ ಹುಲ್ಲು ಹೋಗಿ ಕೃತಕ ಟರ್ಫ್ ಬಂತು, ನಾವು ಏಳನೇ ಜಾಗಕ್ಕೆ ಬಿದ್ವಿ. ಟರ್ಫ್ ಮೇಲೆ ಬಾಲ್ ಎಲ್ಲೂ ತಡೆಯಲ್ಲ, ಒಂದೇ ಹಿಟ್‌ಗೆ ಅರ್ಧ ಫೀಲ್ಡ್ ದಾಟತ್ತೆ, ಹಾಗಾಗಿ ಕೈಚಳಕದ ಜೊತೆಗೆ ಓಟನೂ ದಮ್ಮೂ ಬೇಕಾಯ್ತು. ಎರಡನೇದು, 1990ರ ದಶಕದ ಕೊನೆಕೊನೆಗೆ ಆಫ್‌ಸೈಡ್ ನಿಯಮನೇ ತೆಗೆದುಹಾಕಿದ್ರು. ಅಲ್ಲೀವರೆಗೆ ಫಾರ್ವರ್ಡ್‌ಗಳು ಡಿಫೆಂಡರ್‌ಗಳ ಹಿಂದೆ ಹೋಗಿ ಸುಮ್ನೆ ನಿಂತ್ಕೊಳ್ಳೋ ಹಂಗಿರಲಿಲ್ಲ, ಆಮೇಲಿಂದ ಒಬ್ಬ ಹೋಗಿ ಎದುರು ಕೀಪರ್ ಪಕ್ಕದಲ್ಲೇ ನಿಂತ್ರೂ ಯಾರೂ ಕೇಳಲ್ಲ. ಒಬ್ಬ ಅಷ್ಟು ಮೇಲೆ ನಿಂತ ಅಂದ್ರೆ ಅವನ್ನ ಕಾಯೋಕೆ ಎದುರು ಟೀಮಿನ ಒಬ್ಬಿಬ್ರು ಹಿಂದೇನೇ ಉಳೀಬೇಕು, ಹಂಗಾಗಿ ನಡುವೆ ಜಾಗ ತೆರೀತು, ಆ ಜಾಗ ತುಂಬೋಕೆ ಮಿಡ್‌ಫೀಲ್ಡ್‌ಗೆ ಜನ ಬೇಕಾದ್ರು, ಐದು ಫಾರ್ವರ್ಡ್ ಇದ್ದಿದ್ದು ಮೂರಾಯ್ತು, ಕೆಲವೊಮ್ಮೆ ಎರಡೇ. ಇವತ್ತು ಯಾರಾದ್ರೂ "ಇವನು ಒಳ್ಳೆ ಲೆಫ್ಟ್ ಇನ್" ಅಂದ್ರೆ ಅವರಿಗೆ ಐವತ್ತು ದಾಟಿದೆ ಅಂತ ಅರ್ಥ. ಆ ಜಾಗ ಈಗ ಮಿಡ್‌ಫೀಲ್ಡಲ್ಲಿ ಕರಗಿ ಹೋಗಿದೆ.

ಉಳಿದ ಮೂರು ಜಾಗ ಒಂದೇ ತರದ್ದಲ್ಲ, ನಮ್ಮಲ್ಲಿ ಎಲ್ರೂ ಎಡವೋದು ಇಲ್ಲೇ. ಹಾಕಿ ಸ್ಟಿಕ್ಕಿಗೆ ಚಪ್ಪಟೆ ಮುಖ ಒಂದೇ ಕಡೆ, ಎಡಗೈನೋರಿಗೆ ಬೇರೆ ಸ್ಟಿಕ್ ಅಂತ ಇಲ್ವೇ ಇಲ್ಲ, ಎಲ್ರೂ ಬಲಗೈನೋರ ತರಾನೇ ಆಡ್ಬೇಕು. ಇದ್ರಿಂದ ಫೀಲ್ಡಿನ ಬಲಗಡೆ ಎಡಗಡೆ ಸಮ ಇರಲ್ಲ. ಬಲಗಡೆ ಓಡೋ ಹುಡುಗನಿಗೆ ಬಾಲ್ ತನ್ನ ಬಲಕ್ಕೆ ಇರತ್ತೆ, ಎದುರು ಬರೋ ಡಿಫೆಂಡರ್‌ಗೆ ಅದು ಎಡಕ್ಕೆ, ಅಂದ್ರೆ ರಿವರ್ಸ್ ಕಡೆ ಬೀಳತ್ತೆ, ಅವನು ಸ್ಟಿಕ್ ತಿರುಗಿಸಿ ಒಂದೇ ಕೈಯಲ್ಲಿ ಚಾಚ್ಬೇಕು. ಕೊನೆಗೆ ಡಿ (ಗೋಲ್ ಮುಂದಿನ ಗೆರೆ ಹಾಕಿದ ಜಾಗ) ಒಳಗೆ ಕ್ರಾಸ್ ಹೊಡೆಯೋದೂ ಬಲಗೈನೋನಿಗೆ ಸಲೀಸು, ಸ್ಟಿಕ್ ಬೀಸಿದ್ರೆ ಬಾಲ್ ತಾನಾಗೇ ಎಡಕ್ಕೆ ಹೋಗತ್ತೆ. ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ 2012, 2016ರ ಎರಡು ಒಲಿಂಪಿಕ್ಸ್ ಆಡಿದೋರು, ಅವರು ಬಲಗಡೆಯಿಂದ ಓಡಿದ್ದನ್ನ ನೋಡಿದೋರಿಗೆ ನಾನು ಏನು ಹೇಳ್ತಿದೀನಿ ಅಂತ ಕಣ್ಣಿಗೆ ಕಟ್ಟತ್ತೆ.

ಎಡಗಡೆ ಎಲ್ಲಾ ಉಲ್ಟಾ. ಅಲ್ಲಿ ಎದುರು ಬರೋ ರೈಟ್ ಬ್ಯಾಕ್‌ಗೆ ಬಾಲ್ ಸರಿಯಾಗಿ ಫೋರ್‌ಹ್ಯಾಂಡ್ ಕಡೆ ಸಿಗತ್ತೆ. ಅವನ್ನ ದಾಟಿ ಹೋದ್ರೂ ಡಿ ಒಳಗೆ ಬಾಲ್ ಹಾಕೋಕೆ ಮೈ ಪೂರ್ತಿ ತಿರುಗಿಸ್ಬೇಕು, ಇಲ್ಲಾಂದ್ರೆ ನೆಲಕ್ಕೆ ಬಗ್ಗಿ ಸ್ಟಿಕ್ಕಿನ ಅಂಚಲ್ಲಿ ರಿವರ್ಸ್ ಹಿಟ್ ಹೊಡೀಬೇಕು. ಮೈ ತಿರುಗಿಸೋ ಅಷ್ಟು ಹೊತ್ತಲ್ಲಿ ಡಿಫೆನ್ಸ್ ಜಾಗಕ್ಕೆ ಬಂದಿರತ್ತೆ, ಹಾಗಾಗಿ ಓಡ್ತಾ ಓಡ್ತಾ ರಿವರ್ಸ್ ಹೊಡೆಯೋ ಹುಡುಗ ಸಿಕ್ಕಿದ್ರೆ ಬಿಡ್ಬಾರ್ದು. ಊರಲ್ಲಿ ಟೀಮ್ ಮಾಡುವಾಗ ಏನಾಗತ್ತೆ ಗೊತ್ತಲ್ಲ, ಒಳ್ಳೆ ಓಟಗಾರ ಇದ್ರೆ ಅವನಿಗೆ ರೈಟ್, ಗೋಲ್ ಹೊಡೆಯೋನಿಗೆ ಸೆಂಟರ್, ಉಳಿದೋನಿಗೆ ಲೆಫ್ಟ್. ಉಳಿದೋನಿಗೆ ಅಂತ ಕೊಡೋ ಜಾಗ ಅಲ್ಲ ಅದು! ನನ್ನ ಕೇಳಿದ್ರೆ ಫಾರ್ವರ್ಡ್ ಪಟ್ಟಿ ಬರೆಯೋಕೆ ಶುರು ಮಾಡ್ಬೇಕಾಗಿದ್ದೇ ಲೆಫ್ಟಿಂದ, ಅಲ್ಲಿಗೆ ಸಿಗೋ ಹುಡುಗ್ರು ಕಮ್ಮಿ, ಮೊದ್ಲು ಅವರನ್ನ ಕೂರಿಸಿ ಆಮೇಲೆ ಉಳಿದ ಎರಡು ಜಾಗ ನೋಡ್ಬೇಕು.

ಇನ್ನು ನಡುವಿನೋನು. ಗೋಲ್ ಅಂತ ಲೆಕ್ಕಕ್ಕೆ ಬರ್ಬೇಕಾದ್ರೆ ಬಾಲ್ ಡಿ ಒಳಗೆ ನಮ್ಮವನ ಸ್ಟಿಕ್ಕಿಗೆ ತಾಗಿರ್ಬೇಕು, ಹೊರಗಿಂದ ಎಷ್ಟೇ ಜೋರಾಗಿ ಹೊಡೆದು ಬಲೆ ಹರಿದ್ರೂ ಅದು ಗೋಲ್ ಅಲ್ಲ. ಆ ಡಿ ಅಂದ್ರೆ ಗೋಲ್ ಪೋಸ್ಟಿಂದ 14.63 ಮೀಟರ್ ಅಳತೆಯ ಬಿಲ್ಲಿನ ಆಕಾರದ ಜಾಗ. ಆದ್ರಿಂದ ಸೆಂಟರ್ ಫಾರ್ವರ್ಡ್ ಕೆಲಸ ಸೊಗಸಾಗಿ ಡ್ರಿಬಲ್ ಮಾಡೋದಕ್ಕಿಂತ ಜಾಸ್ತಿ ಡಿ ಒಳಗೆ ಸರಿಯಾದ ಹೊತ್ತಿಗೆ ಇರೋದು, ಒಂದು ಟಚ್, ಬಿದ್ದಾದ್ರೂ ಡೈವ್ ಹೊಡೆದಾದ್ರೂ. ನೋಡೋಕೆ ಚಂದ ಇರಲ್ಲ, ಗೋಲ್ ಬರತ್ತೆ.

ಈಗ ನಿಜವಾದ ಜಗಳಕ್ಕೆ ಬರೋಣ, ಐದು ಫಾರ್ವರ್ಡ್ ತಗೊಳ್ಳೋದಾ ಆರು ತಗೊಳ್ಳೋದಾ. ಒಬ್ಬ ಹೆಚ್ಚು ಒಬ್ಬ ಕಮ್ಮಿ ಅಷ್ಟೇ ತಾನೆ ಅನ್ಸತ್ತೆ, ಅಲ್ಲ. ಆರು ಜನ ಇದ್ರೆ ಮೂರು ಮೂರರ ಎರಡು ಲೈನ್ ಮಾಡ್ಬಹುದು, ಒಂದು ಲೈನ್ ಪೂರ್ತಿ ಒಳಗೆ, ಇನ್ನೊಂದು ಪೂರ್ತಿ ಹೊರಗೆ, ಆರೇಳು ನಿಮಿಷಕ್ಕೆ ಅದಲು ಬದಲು. ಆ ಮೂರು ಜನಕ್ಕೆ ಒಬ್ಬರ ಚಾಳಿ ಇನ್ನೊಬ್ಬರಿಗೆ ಗೊತ್ತಿರತ್ತೆ, ಇವನು ಬಾಲ್ ಹಿಡಿದ ಕೂಡ್ಲೇ ತಲೆ ಎತ್ತಲ್ಲ, ಅವನು ಯಾವಾಗ್ಲೂ ದೂರದ ಪೋಸ್ಟಿಗೇ ಓಡ್ತಾನೆ, ಹಿಂಗೆ. ಐದು ಜನ ಇದ್ರೆ ಇದು ಆಗಲ್ಲ, ಯಾವಾಗ್ಲೂ ಮೂರು ಒಳಗೆ ಎರಡು ಹೊರಗೆ, ಒಬ್ಬೊಬ್ಬರನ್ನೇ ಬದಲಾಯಿಸ್ತಾ ಹೋಗ್ಬೇಕು, ಪ್ರತಿ ಸಲ ಬದಲಾದಾಗ ಬೇರೆ ಮೂವರ ಜೋಡಣೆ. ಐದರಲ್ಲಿ ಮೂರು ಅಂದ್ರೆ ಹತ್ತು ಬಗೆಯ ಮೂವರು ಆಗ್ಬಹುದು. ಹತ್ತು ಜೋಡಣೆನೂ ಪ್ರಾಕ್ಟೀಸ್ ಮಾಡಿಸೋಷ್ಟು ಟೈಮ್ ನ್ಯಾಷನಲ್ ಕ್ಯಾಂಪಲ್ಲಿ ಇರ್ಬಹುದು, ಸಂಜೆ ಕೆಲಸ ಮುಗಿಸಿ ಬರೋ ನಮ್ಮ ಹುಡುಗ್ರಿಗೆ ಎಲ್ಲಿಂದ ಬರ್ಬೇಕು.

ಆದ್ರೆ ಎರಡು ಲೈನ್ ಪದ್ಧತಿಗೂ ಒಂದು ಕೊಂಕಿದೆ, ಟಿವಿಯಲ್ಲಿ ನೋಡೋವಾಗ ಇದು ಕಾಣಲ್ಲ. ಹೊರಗೆ ಬರೋನು ಸೆಂಟರ್ ಲೈನಿಂದ 3 ಮೀಟರ್ ಒಳಗೇ ಹೊರಗೆ ಬರ್ಬೇಕು, ಅವನು ಲೈನ್ ದಾಟಿದ ಮೇಲೇನೇ ಇನ್ನೊಬ್ಬ ಒಳಗೆ ಹೋಗ್ಬೇಕು. ಬೆಂಚು ಇರೋದು ಫೀಲ್ಡಿನ ಒಂದೇ ಬದಿಯಲ್ಲಿ, ಅಗಲ 55 ಮೀಟರ್. ಆ ಕಡೆ ಅಂಚಲ್ಲಿ ಆಡ್ತಿರೋ ವಿಂಗರ್‌ನ ಕರೆಸ್ಬೇಕಾದ್ರೆ ಅವನು ಅಷ್ಟೂ ಅಗಲ ಓಡಿ ಬರೋವರೆಗೆ ಅವನ ಜಾಗ ಖಾಲಿ. ಮೂವರನ್ನೂ ಒಟ್ಟಿಗೆ ಬದಲಾಯಿಸೋಕೆ ಹೋಗಿ ಅದೇ ಹೊತ್ತಿಗೆ ಬಾಲ್ ಕಳ್ಕೊಂಡ್ರೆ ಎದುರಿನ ಡಿಫೆಂಡರ್‌ಗಳು ಬಾಲ್ ತಗೊಂಡು ಮೆರವಣಿಗೆ ಹೊರಟಂಗೆ ಆರಾಮಾಗಿ ನಡ್ಕೊಂಡು ಬರ್ತಾರೆ. ಹಾಫ್ ಟೈಮ್ ಆದ್ಮೇಲೆ ಎರಡೂ ಟೀಮ್ ಕಡೆ ಬದಲಾಯಿಸ್ತಾವಲ್ಲ, ಮೊದಲರ್ಧದಲ್ಲಿ ಬೆಂಚಿಗೆ ಹತ್ರ ಇದ್ದ ರೈಟ್ ವಿಂಗ್ ಈಗ ದೂರ, ಲೆಫ್ಟ್ ಹತ್ರ, ಆದ್ರಿಂದ ಯಾರನ್ನ ಬೇಗ ಕರೀಬೇಕು ಯಾರನ್ನ ಸ್ವಲ್ಪ ಎಳೀಬೇಕು ಅನ್ನೋದೂ ಉಲ್ಟಾ ಆಗತ್ತೆ. ಒಳ್ಳೆ ಮ್ಯಾನೇಜರ್ ಕೈಯಲ್ಲಿ ಒಂದು ಚೀಟಿ, ಒಂದು ಸ್ಟಾಪ್ ವಾಚ್ ಇರತ್ತೆ ಯಾಕೆ ಅಂದ್ರೆ ಇದ್ಕೇ.

ಕೆನಡಾ ಅಮೆರಿಕಾ ಕಡೆಯ ಐಸ್ ಹಾಕಿಯಲ್ಲಿ ಈ ಲೈನ್ ಅನ್ನೋದನ್ನ ಒಂದು ಶಾಸ್ತ್ರನೇ ಮಾಡ್ಬಿಟ್ಟಿದಾರೆ. ಅಲ್ಲಿ ಒಂದು ಮ್ಯಾಚಿಗೆ ಹನ್ನೆರಡು ಫಾರ್ವರ್ಡ್, ಮೂರು ಮೂರರ ನಾಲ್ಕು ಲೈನ್, ಒಂದು ಲೈನ್ ಐಸ್ ಮೇಲಿರೋದು ಮುಕ್ಕಾಲು ನಿಮಿಷ ಅಷ್ಟೇ. ಮೊದಲನೇ ಲೈನ್ ಗೋಲ್ ಹೊಡೆಯೋಕೆ, ನಾಲ್ಕನೇದು ಎದುರಿನೋರನ್ನ ಸುಸ್ತು ಮಾಡೋಕೆ. ಸೀಸನ್ನಿಗೆ ಮುಂಚೆ ಅಲ್ಲಿನ ಅಭಿಮಾನಿಗಳು ಮೂರನೇ ಲೈನಲ್ಲಿ ಯಾರು ಅಂತ ತಿಂಗಳಾನುಗಟ್ಟಲೆ ಕಿತ್ತಾಡ್ತಾರೆ. ನಮ್ಮ ಹಾಕಿಗೆ ಅದನ್ನ ಹಂಗೇ ತರೋಕಾಗಲ್ಲ, ಅಷ್ಟು ಜನನೂ ಇರಲ್ಲ, ಆದ್ರೆ ಒಬ್ಬೊಬ್ಬರ ಹೆಸರು ಬಿಟ್ಟು ಮೂವರ ಬಗ್ಗೆ ಜಗಳ ಆಡೋ ಆ ಅಭ್ಯಾಸ ಮಾತ್ರ ನಂಗಿಷ್ಟ.

"ಅವನು ಹೋದ ಸೀಸನ್ ಎಷ್ಟು ಗೋಲ್ ಹೊಡೆದ?" ಟೀಮ್ ಆರಿಸೋವಾಗ ಎಲ್ಲಕ್ಕಿಂತ ಜಾಸ್ತಿ ಕೇಳೋ ಪ್ರಶ್ನೆ ಇದು. ಇದಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಲೆಕ್ಕ ನೋಡಿ. 2024ರಲ್ಲಿ ಭಾರತ ಕಂಚು ಗೆದ್ದಾಗ ಎಂಟು ಮ್ಯಾಚಲ್ಲಿ ಒಟ್ಟು 15 ಗೋಲ್ ಹೊಡೀತು, ಅದರಲ್ಲಿ 10 ಹರ್ಮನ್‌ಪ್ರೀತ್ ಸಿಂಗ್ ಒಬ್ಬರದ್ದೇ, ಎಲ್ಲಾ ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕಿಂದ (ಎದುರಿಗೆ ಕೀಪರ್ ಒಬ್ಬನೇ ಇರೋ ಹೊಡೆತ), ಅವರು ಆಡೋದು ಡಿಫೆನ್ಸಲ್ಲಿ! ಒಂದು ಗೋಲ್ ಮಿಡ್‌ಫೀಲ್ಡರ್ ವಿವೇಕ್ ಸಾಗರ್ ಪ್ರಸಾದ್‌ದು. ಫಾರ್ವರ್ಡ್‌ಗಳು ಹೊಡೆದಿದ್ದು ಬರೀ ನಾಲ್ಕು: ಅಭಿಷೇಕ್ ಎರಡು, ಮಂದೀಪ್ ಒಂದು, ಸುಖ್‌ಜೀತ್ ಒಂದು. ಟೀಮಲ್ಲಿದ್ದ ಐದು ಫಾರ್ವರ್ಡಲ್ಲಿ ಲಲಿತ್ ಉಪಾಧ್ಯಾಯ, ಗುರ್ಜಂತ್ ಸಿಂಗ್ ಇಬ್ರದ್ದೂ ಸೊನ್ನೆ. ಹಂಗಂತ ಅವರು ದಂಡಾನಾ? ಬರೀ ಗೋಲ್ ಲೆಕ್ಕ ಹಾಕೋರು ಹೌದು ಅಂತಾರೆ, ನಾನು ಒಪ್ಪಲ್ಲ. ಹರ್ಮನ್‌ಪ್ರೀತ್‌ಗೆ ಆ ಪೆನಾಲ್ಟಿ ಕಾರ್ನರ್‌ಗಳು ಆಕಾಶದಿಂದ ಬಿದ್ದಿದ್ದಲ್ಲ. ಯಾರೋ ಒಬ್ಬ ಬಾಲ್ ತಗೊಂಡು ಡಿ ಒಳಗೆ ನುಗ್ಗಿ, ಡಿಫೆಂಡರ್ ಕಾಲಿಗೆ ತಾಗಿಸಿಯೋ, ಅವನು ತಪ್ಪು ಟ್ಯಾಕಲ್ ಮಾಡೋ ಹಾಗೆ ಮಾಡಿಯೋ ಕಾರ್ನರ್ ಗಿಟ್ಟಿಸ್ಬೇಕು, ಆ ಕೆಲಸದಲ್ಲಿ ದೊಡ್ಡ ಪಾಲು ಫಾರ್ವರ್ಡ್‌ಗಳದ್ದು. ಅಡಿಕೆ ಕೊಯ್ಲಲ್ಲಿ ಎಲ್ರೂ ತಲೆ ಎತ್ತಿ ಮರದ ಮೇಲಿನ ಕೊನೆಗೌಡನ್ನೇ ನೋಡ್ತಾರೆ, ಕೆಳಗೆ ಹಗ್ಗ ಹಿಡಿದು ಗೊನೆ ಉದುರದಂಗೆ ಇಳಿಸ್ಕೊಳ್ಳೋನ ಕಡೆ ಯಾರ ಕಣ್ಣೂ ಹೋಗಲ್ಲ, ಹಂಗೇ ಇದು.

ಇನ್ನೊಂದು ಕೆಲಸ ಪ್ರೆಸ್. ಎದುರು ಟೀಮಿನ ಡಿಫೆಂಡರ್ ಕೈಗೆ ಬಾಲ್ ಬಂದಾಗ ಅವನ್ನ ಅಲ್ಲೇ ಮುತ್ತಿಗೆ ಹಾಕೋದು, ಅವನಿಗೆ ಪಾಸ್ ಕೊಡೋಕೆ ದಾರಿ ಬಿಡದಂಗೆ ನಿಲ್ಲೋದು. ಇದನ್ನ ಮಾಡೋದು ಫಾರ್ವರ್ಡ್‌ಗಳೇ, ಡಿಫೆನ್ಸ್ ಶುರುವಾಗೋದೇ ಅವರಿಂದ. ಇಲ್ಲೂ ಮೂವರ ಮಾತು ಬರತ್ತೆ: ಒಬ್ಬ ಬಾಲ್ ಇರೋನ ಮೇಲೆ ಹೋಗ್ತಾನೆ, ಇನ್ನೊಬ್ಬ ಪಕ್ಕದ ಪಾಸ್ ಮುಚ್ತಾನೆ, ಮೂರನೇಯವನು ನಡುವಿನ ದಾರಿ ಮುಚ್ತಾನೆ, ಮೂವರೂ ಒಂದೇ ಸಲಕ್ಕೆ ಹೊರಡ್ಬೇಕು. ಒಬ್ಬ ಸೊಂಟದ ಮೇಲೆ ಕೈ ಇಟ್ಕೊಂಡು ಏದುಸಿರು ಬಿಡ್ತಾ ನಿಂತ್ರೆ ಉಳಿದಿಬ್ಬರು ಓಡಿದ್ದೆಲ್ಲ ನೀರಲ್ಲಿ ಹೋಮ. ನಮ್ಮ ಕಡೆ ಎಷ್ಟೋ ಒಳ್ಳೊಳ್ಳೆ ಕೈಚಳಕದ ಹುಡುಗ್ರನ್ನ ನೋಡಿದೀನಿ, ಬಾಲ್ ಸ್ಟಿಕ್ಕಲ್ಲಿ ಇದ್ದಾಗ ರಾಜಕುಮಾರ, ಬಾಲ್ ಹೋದ್ಮೇಲೆ ಪ್ರೇಕ್ಷಕ. ಅಂಥೋನು ನಾಲ್ಕು ಗೋಲ್ ಹೊಡೆದು ಐದು ಗೋಲ್ ಬಿಟ್ಟುಕೊಡ್ತಾನೆ, ಆ ಐದು ಅವನ ಹೆಸರಲ್ಲಿ ಯಾರೂ ಬರೆಯಲ್ಲ, ಪಾಪ ಕೀಪರ್ ಹೆಸರಲ್ಲಿ ಬರೀತಾರೆ.

ಟೀಮಲ್ಲಿ ಒಟ್ಟು ಎಷ್ಟು ಜನ ಅನ್ನೋದ್ರ ಮೇಲೆ ಇದೆಲ್ಲ ನಿಂತಿದೆ. ವಿಶ್ವಕಪ್ಪಿಗೆ 18, ಒಲಿಂಪಿಕ್ಸಿಗೆ 16 ಮಾತ್ರ. ಆ ಎರಡು ಹೆಸರು ಕಮ್ಮಿ ಆಗೋದ್ರಿಂದ ಎಲ್ಲಾ ಲೆಕ್ಕ ಬಿಗಿಯಾಗತ್ತೆ. 18ರಲ್ಲಿ ಇಬ್ಬರು ಕೀಪರ್ ತಗೊಂಡ್ರೂ 16 ಆಟಗಾರರು ಉಳೀತಾರೆ, ಆರು ಫಾರ್ವರ್ಡ್ ಇಟ್ಕೊಳ್ಳೋಕೆ ಜಾಗ ಇರತ್ತೆ. ಪ್ಯಾರಿಸಲ್ಲಿ ಭಾರತ ಒಬ್ಬನೇ ಕೀಪರ್ ಶ್ರೀಜೇಶ್, ಐದು ಡಿಫೆಂಡರ್, ಐದು ಮಿಡ್‌ಫೀಲ್ಡರ್, ಐದು ಫಾರ್ವರ್ಡ್ ಅಂತ ಸಮಪಾಲು ಮಾಡ್ಕೊಂಡು ಹೋಗಿತ್ತು. ಅಂಥ ಟೀಮಿಗೆ ಒಬ್ಬ ಇಲ್ದಂಗಾದ್ರೆ ಏನಾಗತ್ತೆ ಅಂತ ಬ್ರಿಟನ್ ಮೇಲಿನ ಕ್ವಾರ್ಟರ್ ಫೈನಲಲ್ಲೇ ಗೊತ್ತಾಯ್ತು. ಎರಡನೇ ಕ್ವಾರ್ಟರಲ್ಲೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್, ಉಳಿದ 40 ನಿಮಿಷಕ್ಕೂ ಜಾಸ್ತಿ ಹತ್ತೇ ಜನ ಆಡಿದ್ರು. ಆಗ ಫಾರ್ವರ್ಡ್‌ಗಳು ಹಿಂದೆ ಬಂದು ಡಿ ಕಾಯ್ದಿದ್ದನ್ನ ನೋಡಿದ್ರೆ ಫಾರ್ವರ್ಡ್ ಅಂದ್ರೆ ಗೋಲ್ ಹೊಡೆಯೋನು ಅನ್ನೋ ಭ್ರಮೆ ಹೋಗತ್ತೆ. 1-1 ಆಗಿ ಶೂಟ್ ಔಟಲ್ಲಿ 4-2 ಗೆದ್ರು. ಆದ್ರೆ ರೋಹಿದಾಸ್‌ಗೆ ಒಂದು ಮ್ಯಾಚ್ ನಿಷೇಧ ಬಿದ್ದು ಜರ್ಮನಿ ವಿರುದ್ಧದ ಸೆಮಿಫೈನಲಿಗೆ ಅವರಿಲ್ಲ, 2-3 ಸೋಲು. ಅವರು ಬರೀ ಡಿಫೆಂಡರ್ ಆಗಿರಲಿಲ್ಲ, ಎದುರಿನವರ ಪೆನಾಲ್ಟಿ ಕಾರ್ನರ್‌ಗೆ ಮೊದಲು ನುಗ್ಗಿ ಹೋಗೋ ರಶರ್, ನಮ್ಮ ಕಾರ್ನರ್‌ಗೆ ಬಾಲ್ ಎಳೆದು ಗೋಲಿಗೆ ಎಸೆಯೋ ಇನ್ನೊಬ್ಬ ಫ್ಲಿಕ್ಕರ್. ಒಂದು ಹೆಸರು ತೆಗೆದ್ರೆ ಮೂರು ಕೆಲಸ ಖಾಲಿ ಆಗತ್ತೆ.

ಸಣ್ಣ ಕಾರ್ಡ್‌ಗಳೂ ಲೆಕ್ಕಕ್ಕಿವೆ. ಗ್ರೀನ್ ಕಾರ್ಡ್ ಅಂದ್ರೆ ಎರಡು ನಿಮಿಷ ಹೊರಗೆ, ಯೆಲ್ಲೋ ಅಂದ್ರೆ ಕನಿಷ್ಠ ಐದು, ಆ ಹೊತ್ತು ಅವನ ಬದ್ಲಿಗೆ ಯಾರೂ ಹೋಗೋ ಹಂಗಿಲ್ಲ. ಸಿಟ್ಟಿನ ಫಾರ್ವರ್ಡ್ ಒಬ್ಬ ಬಾಲ್ ಕಳ್ಕೊಂಡು ಹಿಂದಿಂದ ಹೋಗಿ ಸ್ಟಿಕ್ಕಿಗೆ ಹೊಡೆಯೋದು ಊರ ಟೂರ್ನಮೆಂಟಲ್ಲಿ ದಿನಾ ನೋಡೋ ದೃಶ್ಯ.

ನಮ್ಮ ಮಲೆನಾಡಿನ ಗ್ರೌಂಡ್ ವಿಷ್ಯ ಬೇರೆನೇ ಇದೆ, ಟಿವಿಯ ಪಾಠ ಪೂರ್ತಿ ಇಲ್ಲಿಗೆ ಹೊಂದಲ್ಲ. ಟರ್ಫ್‌ಗೆ ನೀರು ಹಾಯಿಸಿ ಆಡ್ತಾರೆ, ಬಾಲ್ ಗೆರೆ ಎಳೆದಂಗೆ ಹೋಗತ್ತೆ, ಅಲ್ಲಿ ಓಟಗಾರನೇ ರಾಜ. ಜಂಬಿಟ್ಟಿಗೆ ಮಣ್ಣಿನ ನಮ್ಮ ಮೈದಾನದಲ್ಲಿ ಮಳೆಗಾಲ ಮುಗಿದ್ಮೇಲೆ ಮೇಲಿನ ಮಣ್ಣೆಲ್ಲ ಕೊಚ್ಚಿ ಹೋಗಿ ಸಣ್ಣ ಸಣ್ಣ ಹರಳು ಎದ್ದಿರ್ತಾವೆ, ಬಾಲ್ ಬರ್ತಾ ಬರ್ತಾ ಸ್ಟಿಕ್ಕಿಂದ ಒಂದು ಗೇಣು ದೂರದಲ್ಲಿ ಟಣ್ ಅಂತ ಹಾರಿ ಮೊಣಕಾಲಿಗೆ ಬಡಿಯತ್ತೆ. ಇಂಥ ಕಡೆ ಸ್ಟಿಕ್ ನೆಲಕ್ಕೆ ಮಲಗಿಸಿ ಬಾಲ್ ನಿಲ್ಲಿಸೋ ಟರ್ಫ್ ಹುಡುಗನಿಗೆ ಹತ್ತರಲ್ಲಿ ನಾಲ್ಕು ತಪ್ಪಿ ಹೋಗತ್ತೆ, ಸ್ಟಿಕ್ ನೆಟ್ಟಗೆ ಹಿಡಿದು ಮೈ ಬಾಲ್ ಹಿಂದೆ ತಂದು ಮೆತ್ತಗೆ ಹಿಡಿಯೋ ಹಳೆ ಕೈ ಬೇಕು. ಡ್ರ್ಯಾಗ್ ಫ್ಲಿಕ್ಕೂ ಅಷ್ಟೇ, ಸ್ಟಿಕ್ಕಲ್ಲಿ ಬಾಲ್‌ನ ನೆಲದ ಮೇಲೆ ಎಳ್ಕೊಂಡು ಬಂದು ಎಸೆಯೋದದು, ಹರಳಿನ ಮೇಲೆ ಎಳೆಯೋಕೆ ಹೋದ್ರೆ ಬಾಲ್ ಎಲ್ಲಿಗೆ ಹೋಗತ್ತೋ ದೇವರಿಗೇ ಗೊತ್ತು. ಅದ್ಕೆ ಒಂದೇ ಪಟ್ಟಿ ಇಡೀ ಸೀಸನ್ನಿಗೆ ಅಂತ ಗಟ್ಟಿ ಹಿಡ್ಕೊಂಡು ಕೂರ್ಬಾರ್ದು, ಮಣ್ಣಿನ ಗ್ರೌಂಡ್ ಆದ್ರೆ ಒಂದು ಲೈನ್, ಬೆಂಗಳೂರಿಗೆ ಹೋಗಿ ಟರ್ಫಲ್ಲಿ ಆಡೋದಾದ್ರೆ ಇನ್ನೊಂದು. ನಲವತ್ತು ದಾಟಿದ ಸೀನಿಯರ್‌ನ ಟರ್ಫಲ್ಲಿ ಓಡ್ಸೋಕೆ ಹೋಗ್ಬೇಡಿ, ಮಣ್ಣಲ್ಲಿ ಅವರಿಗಿಂತ ಬೇಕಾದೋರು ಯಾರೂ ಇಲ್ಲ.

ಆಯ್ಕೆ ಮಾಡೋ ತಲೆನೋವೇ ಬೇಡ ಅನ್ನೋರು ಕೊಡಗಿನ ಕಡೆ ನೋಡ್ಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದು ಮನೆತನಕ್ಕೆ ಒಂದು ಟೀಮ್, ಹೊರಗಿನೋರನ್ನ ತರೋ ಹಂಗಿಲ್ಲ. 2024ರಲ್ಲಿ ನಾಪೋಕ್ಲಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ಕುಟುಂಬದ ಟೀಮುಗಳು ಬಂದು ಗಿನ್ನೆಸ್ ದಾಖಲೆನೂ ಆಯ್ತು. ಹೆಂಗಸ್ರು, ವಯಸ್ಸಾದೋರು, ಸಣ್ಣ ಮಕ್ಕಳು ಎಲ್ರೂ ಸ್ಟಿಕ್ ಹಿಡೀತಾರೆ. ಅಲ್ಲಿ ಲೆಫ್ಟ್ ವಿಂಗ್ ಆಡೋರು ಮನೇಲಿ ಹುಟ್ಟಿದ್ರೆ ಉಂಟು, ಇಲ್ಲಾಂದ್ರೆ ಚಿಕ್ಕಪ್ಪನೇ ಹೋಗಿ ನಿಲ್ಬೇಕು.

ಕೊನೆಗೆ ಉಳಿಯೋದು ಹದಿನೆಂಟನೇ ಹೆಸರು. ಮೊದಲ ಹದಿನೈದು ಹೆಸರು ಅರ್ಧ ಗಂಟೆಯಲ್ಲಿ ಮುಗಿಯತ್ತೆ, ಕೊನೇ ಮೂರಕ್ಕೆ ಮೂರು ಸಂಜೆ ಬೇಕು. ಹೋದ ವಾರ ನಮ್ಮಲ್ಲೂ ಅದೇ ಆಯ್ತು. ಅಡಿಕೆ ಮಂಡಿಯ ಚೀಟಿ ಹಿಂದೆ ಹೆಸರು ಬರ್ಕೊಂಡು ಕೂತಿದ್ರು ನಮ್ಮ ಸೀನಿಯರ್ ಒಬ್ರು, ಹಿಂದೆ ಸೆಂಟರ್ ಹಾಫ್ ಆಡ್ತಿದ್ದೋರು. ಪಕ್ಕದಲ್ಲಿ ಟೀಮಿನ ಒಬ್ಬ ಕಿರಿಯ ಹುಡುಗ.

"ಆರನೇ ಫಾರ್ವರ್ಡ್ ಆ ಹುಡುಗನ್ನೇ ಹಾಕ್ರೋ, ಏನು ಸ್ಪೀಡ್ ಅಂತೀರಾ ಅವಂದು."

"ಅಣ್ಣ, ಅವನು ರೈಟ್ ಒಂದೇ ಆಡೋದು. ರೈಟಿಗೆ ಈಗ್ಲೇ ಇಬ್ರು ಇದಾರಲ್ಲ."

"ಇದ್ರೆ ಇರ್ಲಿ. ಸ್ಪೀಡ್ ಇರೋನು ಎಲ್ಲಾದ್ರೂ ಆಡ್ತಾನೆ."

"ಲೆಫ್ಟಲ್ಲಿ ಬಿಟ್ಟು ನೋಡಿ ನೀವೇ, ಕಾರ್ನರ್ ಫ್ಲ್ಯಾಗ್‌ವರೆಗೂ ಓಡಿ ಹೋಗಿ ಅಲ್ಲಿ ಬಾಲ್ ಮೇಲೆ ನಿಂತ್ಕೊಳ್ತಾನೆ."

ಸೀನಿಯರ್ ನಕ್ಕು ಪೆನ್ನು ಕಿವಿಗೆ ಸಿಕ್ಕಿಸ್ಕೊಂಡ್ರು, ಹೆಸರು ಮಾತ್ರ ಹೊಡೆದು ಹಾಕ್ಲಿಲ್ಲ. ಇಬ್ರ ಮಾತಲ್ಲೂ ಹುರುಳಿದೆ, ಆದ್ರೆ ನಾನು ಕಿರಿಯನ ಕಡೆ. ಕೊನೇ ಹೆಸರು ಇನ್ನೊಬ್ಬ ಸ್ಟಾರ್ ಆಗೋದ್ರಲ್ಲಿ ಲಾಭ ಇಲ್ಲ, ಎರಡು ಜಾಗ ತುಂಬೋನು ಬೇಕು, ಲೆಫ್ಟ್ ವಿಂಗ್ ಆಡಿ ಬೇಕಾದಾಗ ಲೆಫ್ಟ್ ಹಾಫಿಗೂ ಇಳಿಯೋನು. ಹಂಗಂತ ಕೊನೇ ಹೆಸರು ಅಂದ್ರೆ ಕಾಟಾಚಾರಕ್ಕೆ ಅಂತ ತಿಳ್ಕೊಳ್ಬೇಡಿ. ಟೋಕಿಯೋಗೆ ಹೋದ ಭಾರತದ ಟೀಮಿನ ಮೊದಲ 16ರಲ್ಲಿ ಫಾರ್ವರ್ಡ್ ಸಿಮ್ರನ್‌ಜೀತ್ ಸಿಂಗ್ ಹೆಸರೇ ಇರಲಿಲ್ಲ, ಅವರು ರಿಸರ್ವ್. ಕೊರೋನಾ ಅಂತ ಆ ಸಲ ನಿಯಮ ಸಡಿಲ ಮಾಡಿ ರಿಸರ್ವ್‌ನೋರನ್ನೂ ಪ್ರತಿ ಮ್ಯಾಚಿನ 16ಕ್ಕೆ ಸೇರಿಸ್ಕೊಳ್ಳೋಕೆ ಬಿಟ್ರು. 2021ರ ಆಗಸ್ಟಲ್ಲಿ ಜರ್ಮನಿ ಎದುರಿನ ಕಂಚಿನ ಮ್ಯಾಚಲ್ಲಿ ನಾವು 1-3 ಹಿಂದಿದ್ದು ಕೊನೆಗೆ 5-4 ಗೆದ್ವಲ್ಲ, ಆ ಐದರಲ್ಲಿ ಎರಡು ಗೋಲ್ ಈ ಸಿಮ್ರನ್‌ಜೀತ್‌ದು. 41 ವರ್ಷ ಆದ್ಮೇಲೆ ಬಂದ ಒಲಿಂಪಿಕ್ ಪದಕ ಅದು.

ಇಷ್ಟೆಲ್ಲ ಆದ್ಮೇಲೆ ನಮ್ಮ ಪಟ್ಟಿಯಲ್ಲಿ ಒಂದು ಪ್ರಶ್ನೆ ಇನ್ನೂ ಯಾರೂ ಕೇಳಿಲ್ಲ, ಪೆನಾಲ್ಟಿ ಕಾರ್ನರ್‌ಗೆ ಬ್ಯಾಕ್ ಲೈನಿಂದ ಬಾಲ್ ತಳ್ಳೋದು ಯಾರು. ಫ್ಲಿಕ್ಕರ್ ಇಬ್ರು ಇದಾರೆ, ನಿಲ್ಲಿಸೋನು ಇದಾನೆ, ತಳ್ಳೋನು ಇಲ್ಲ. ಆ ಬಾಲ್ ಒಂದು ಅಡಿ ಆಚೀಚೆ ಹೋದ್ರೆ ನಿಲ್ಲಿಸೋನಿಗೆ ಸಿಗಲ್ಲ, ನಿಧಾನ ಹೋದ್ರೆ ಎದುರಿನ ರಶರ್ ಬಂದು ಕಾಲ ಮೇಲೇ ಬಿದ್ದಿರ್ತಾನೆ. ಸಾಮಾನ್ಯವಾಗಿ ಈ ಕೆಲಸ ಒಬ್ಬ ಫಾರ್ವರ್ಡ್‌ಗೇ ಕೊಡ್ತಾರೆ, ಅಂದ್ರೆ ಎರಡು ಲೈನಲ್ಲೂ ತಳ್ಳೋಕೆ ಬರೋನು ಒಬ್ಬೊಬ್ಬ ಇರ್ಲೇಬೇಕು, ಯಾಕಂದ್ರೆ ಕಾರ್ನರ್ ಸಿಕ್ಕಿದ ಮೇಲೆ ಬೆಂಚಿಂದ ಕರೆಸೋ ಹಂಗಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಆರೂ ಫಾರ್ವರ್ಡ್‌ಗಳನ್ನ ಲೈನಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಲೂ ಇಪ್ಪತ್ತಿಪ್ಪತ್ತು ಬಾಲ್ ತಳ್ಳಿಸಿ ನೋಡೋದು ಅಂತ ಆಗಿದೆ, ಸೀನಿಯರ್ ಹೇಳೋ ಆ ಸ್ಪೀಡ್ ಹುಡುಗ ಅದರಲ್ಲಿ ಪಾಸಾದ್ರೆ ನಾನೇ ಅವನ ಹೆಸರು ಬರೀತೀನಿ.